ನಮ್ಮ ಮನಿ ಬೆಲ್ಲವ್ವ

ನಮ್ಮ ಮನ್ಯಾಗ ನಾಯಿ ತಂದಾರ ಅನ್ನೂ ಸುದ್ದಿ ಮಾಳಮಡ್ಡಿ ತುಂಬ ಹರಡಲಿಕ್ಕೆ ಎರಡು ದಿನಾನೂ ಹಿಡೀಲಿಲ್ಲ. ಮೂರನೇ ದಿನ ಮುಂಜಾನೆ ಹೂವು ಹರೀಲಿಕ್ಕೆ ಬಂದ ಹಿಂದಿನ ಮನಿ ಕಾಕು ಗೇಟಿನಾಗ ನಿಂತು, "ಅಲ್ಲವಾ, ನಿಮ್ಮ ಅತ್ತಿಯವರು ಇನ್ನೂ ಮಡೀಲೆ ಇರ್ತಾರ, ಅಂಥಾ ಮನ್ಯಾಗ ನಾಯಿ ಹೆಂಗ?" ಅಂತ ಕೇಳಿದ್ರು. ನಾ ಏನು ಹೇಳಲಿ? ಅದ ಪ್ರಶ್ನೆ ನಾನೂ ಎರಡು ದಿನದಿಂದ ನನ್ನ ಮಗಳಿಗೆ ಕೇಳಕೋತ ಕೂತಿದ್ದೆ.

ಮಗಳು ಹುಬ್ಬಳ್ಳ್ಯಾಗ ನೌಕರಿ ಮಾಡ್ತಾಳ, ದಿನಾ ಹೋಗಿ ಬರ್ತಾಳ. ಅಲ್ಲೆ ಅಕಿ ಗೆಳತ್ಯಾರದ್ದು ಒಂದು ಗುಂಪದ. ರಸ್ತಾದಾಗ ಗಾಯ ಆದ ನಾಯಿ, ಬೆಕ್ಕು, ಕರ ಕಂಡ್ರ ಎತಗೊಂಡು ಹೋಗಿ ಔಷಧ ಮಾಡಸ್ತಾರ. ಜೂನ್ ತಿಂಗಳ ಎರಡನೇ ವಾರ. ನಿಮಗೆಲ್ಲಾ ಗೊತ್ತದ ನಮ್ಮ ಧಾರವಾಡದ ಮಳಿ, ಒಮ್ಮೆ ಜಿಟಿಜಿಟಿ ಹಿಡೀತಂದ್ರ ಅರವಿ ಒಣಗೂದಿಲ್ಲ. ಅಂಥಾ ಮಳ್ಯಾಗ ಬೈಪಾಸಿನ ಹತ್ರ ಬಾಗಲಾ ಹಾಕಿದ ಒಂದು ಢಾಬಾದ ಕಂಬಕ್ಕ ಯಾರೋ ಇದನ್ನ ಕಟ್ಟಿ ಹೋಗಿದ್ರಂತ. ಹಗ್ಗ ಎಷ್ಟು ಗಿಡ್ಡ ಇತ್ತಂದ್ರ ಅದಕ್ಕ ಮಲಗಲಿಕ್ಕೂ ಬರ್ತಿದ್ದಿಲ್ಲ. ಹುಡುಗ್ಯಾರು ದೂರದಿಂದ ನೋಡಿ ಯಾರೋ ಹಳೇ ಗೋಣಿಚೀಲ ನೇತು ಹಾಕ್ಯಾರ ಅನಕೊಂಡಿದ್ರಂತ. ಮೈಮ್ಯಾಲಿನ ಕೂದಲಾ ಗಂಟಗಟ್ಟಿ, ಕೆಸರು ಮೆತ್ತಿ, ಕಿವಿ ಯಾವುದು ಕಾಲು ಯಾವುದು ತಿಳೀದಂಗ ಆಗಿತ್ತು.

ದವಾಖಾನ್ಯಾಗ ಆ ಕೂದಲೆಲ್ಲಾ ಬೋಳಿಸಿ, ಲಸಿ ಹಾಕಿಸಿ, ಒಂದು ವಾರ ಇಟಗೊಂಡ್ರು. ಆಮ್ಯಾಲೆ ಜಾಗಾ ಇಲ್ಲಂತ ನನ್ನ ಮಗಳು ಮನಿಗೆ ತಂದ್ಲು. "ಅವ್ವ, ನಾಕ ದಿನ. ಬ್ಯಾರೆ ಮನಿ ಸಿಗೂತನಕ." ಈ ನಾಕು ದಿನ ಅನ್ನೂದು ಎಂಥಾದ್ದು ಅಂತ ಮನಿಗೆ ಬಂದ ಬೀಗರನ್ನ ನೋಡಿದವರಿಗೆಲ್ಲಾ ಗೊತ್ತದ.

ಖರೇ ಹೇಳ್ತೇನಿ, ನನಗ ಆವತ್ತು ಕರುಣಾ ಬರಲಿಲ್ಲ, ಸಿಟ್ಟು ಬಂತು. ಮನಿಗೆ ಯಾರ ಏನ ತಂದ್ರೂ ಅದರ ಕೆಲಸ ಕಡೀಕ ನನ್ನ ಕೊರಳಿಗೆ ಬೀಳ್ತದ. ಮಗ ಸಣ್ಣಾವಿದ್ದಾಗ ಮೀನಿನ ಪೆಟ್ಟಿಗಿ ತಂದಾ, ನೀರು ಬದಲ ಮಾಡಾಕಿ ನಾನು. ಮನಿಯವರು ಹಿತ್ತಲದಾಗ ಗುಲಾಬಿ ಹಚ್ಚಿದ್ರು, ಗೊಬ್ಬರ ಹಾಕಾಕಿ ನಾನು. ಈಗ ಮಗನ ಲಗ್ನಾಗಿ ಬೆಂಗಳೂರಿಗೆ ಹೋಗ್ಯಾನ, ಮನಿಯವರು ರಿಟೈರ್ ಆಗ್ಯಾರ, ನನಗೂ ಮಧ್ಯಾಹ್ನ ಒಂದು ತಾಸು ಕಾಲು ಚಾಚಲಿಕ್ಕೆ ಸಿಗಲಿಕತ್ತಿತ್ತು. ಅಷ್ಟರಾಗ ಇದು.

"ನಾ ಅಂತೂ ಮುಟ್ಟೂದಿಲ್ಲ ನೋಡು" ಅಂದೆ. ಅತ್ತಿಯವರು ಒಳಗಿಂದನ, "ನಡಮನಿ ಹೊಸ್ತಲಾ ದಾಟಬಾರದು" ಅಂತ ಹೇಳಿದ್ರು. ಅಷ್ಟ, ಬ್ಯಾರೆ ಏನೂ ಅನಲಿಲ್ಲ. ಅವರಿಗೆ 82. ಅವರು ಸಿಟ್ಟಾದ್ರ ಮಾತು ಕಡಿಮಿ ಆಗ್ತದ.

ನಮ್ಮನಿಯವರು ಮೊಬೈಲಿನಾಗ ನೋಡಿ ಇದು ಕಾಕರ್ ಸ್ಪ್ಯಾನಿಯಲ್ ಜಾತಿ ಅಂತ ಓದಿ ಹೇಳಿದ್ರು. ಇಂಗ್ಲೆಂಡಿನ ಬ್ಯಾಟಿ ನಾಯಿ. ವುಡ್‌ಕಾಕ್ ಅಂತ ಒಂದು ಹಕ್ಕಿ, ಅದನ್ನ ಪೊದ್ಯಾಗಿಂದ ಎಬ್ಬಿಸಿ ಕೊಡ್ತಿದ್ದುವಂತ, ಅದಕ್ಕ ಕಾಕರ್ ಅಂತ ಹೆಸರು. ನಮ್ಮ ಕಡೆ ಬ್ಯಾಟಿ ನಾಯಿ ಅಂದ್ರ ಮುಧೋಳ ನಾಯಿ. ಕೋಲಿನಂಥಾ ಮೈ, ಗಾಳಿಗತೆ ಓಟ, 2005ರಾಗ ಅದರ ಚಿತ್ರದ ಅಂಚೆ ಚೀಟೀನೂ ಬಂದದ. ಇದನ್ನ ನೋಡಿದ್ರ ಬ್ಯಾಟಿ ಅನ್ನೂ ಶಬ್ದಾನ ನೆನಪಾಗೂದಿಲ್ಲ. ಗಿಡ್ಡ ಕಾಲು, ಮಾರುದ್ದ ಕಿವಿ, ಈಗಷ್ಟ ಯಾರೋ ಬೈದು ಹೋಗ್ಯಾರ ಅನ್ನೂಹಂಗ ಕಣ್ಣು.

ಮತ್ತ ಹೊಟ್ಟಿ ಕೆಳಗ ಎರಡೂ ಸಾಲು ಮೊಲಿ ಜೋತು ಬಿದ್ದಿದ್ದುವು.

ಅದನ್ನ ನಾನ ಮೊದಲು ನೋಡಿದ್ದು. ಮಗಳಿಗೆ ಕೇಳಿದೆ. ಡಾಕ್ಟರು ಹೇಳಿದ್ರಂತ, ವಯಸ್ಸು 6 ಇಲ್ಲಾ 7 ಇರಬೇಕು, ಭಾಳ ಸಲ ಹಡದದ ಅಂತ. ಮರಿ ಮಾರೂ ಸಲುವಾಗಿ ಸಾಕಿದ ನಾಯಿ. ಬೆದಿಗೆ ಬಂದಾಗೆಲ್ಲಾ ಗಬ್ಬ ಮಾಡಸೂದು, ತಿಂಗಳೊಪ್ಪತ್ತಿನ ಮರಿ ಕಸಗೊಂಡು ಮಾರೂದು. ಇದಕ್ಕೂ ಕಾನೂನು ಅದ, 2017ರಾಗ ನಿಯಮ ಬಂದಾವ, 18 ತಿಂಗಳಾಗೂ ಮೊದಲ ಗಬ್ಬ ಮಾಡಸಬಾರದು ಅಂತೆಲ್ಲಾ ಬರದಾರ ಅಂತ ಮಗಳು ಹೇಳಿದ್ಲು. ಬರದದ್ದನ್ನ ಓದವರು ಯಾರು? ಮರಿ ಹಾಕೂದು ನಿಂತ ಮ್ಯಾಲೆ ಅನ್ನ ದಂಡ ಅಂತ ಕಂಬಕ್ಕ ಕಟ್ಟಿ ಹೋಗ್ತಾರ.

"ಹಿಂಗ ಬಿಟ್ಟು ಹೋದ್ರ ಶಿಕ್ಷಾ ಇಲ್ಲೇನು?" ಅಂದೆ. ಅದಂತ, 1960ರ ಪ್ರಾಣಿ ಹಿಂಸಾ ತಡಿಯೂ ಕಾಯ್ದೆದಾಗ. ಮೊದಲನೇ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಐವತ್ತು ರೂಪಾಯಿಗೆ ನಮ್ಮೂರಾಗ ಕಾಲು ಕಿಲೋ ಪೇಢೆ ಬರೂದಿಲ್ಲ.

ಮೊದಲನೇ ವಾರ ಅದು ಪಡಸಾಲಿ ಮಂಚದ ಕೆಳಗಿಂದ ಹೊರಗ ಬರಲಿಲ್ಲ. ಅನ್ನ ಇಟ್ರ ಹಗಲಿ ಮುಟ್ತಿದ್ದಿಲ್ಲ. ರಾತ್ರಿ ದೀಪಾ ಆರಿಸಿದ ಮ್ಯಾಲೆ ಲಪಲಪ ಸಪ್ಪಳಾ ಕೇಳಸ್ತಿತ್ತು. ಮನಿಯವರು ಜೋರಾಗಿ ಫೋನಿನಾಗ ಮಾತಾಡಿದ್ರ ಅಲ್ಲೇ ಉಚ್ಚಿ. ನಾ ಅರವಿ ಹರವಲಿಕ್ಕೆ ಕೋಲು ಎತ್ತಿದ್ರ ನೆಲಕ್ಕ ಮೈ ಹಚ್ಚಿ ಕಣ್ಣು ಮುಚಗೊಂತಿತ್ತು. ಅದಕ್ಕ ಪಾವಟಿಗಿ ಇಳೀಲಿಕ್ಕೂ ಬರ್ತಿದ್ದಿಲ್ಲ. ಆರೇಳು ವರ್ಷದ ನಾಯಿಗೆ ಮೂರು ಪಾವಟಿಗಿ ಇಳೀಲಿಕ್ಕೆ ಬರೂದಿಲ್ಲ ಅಂದ್ರ ಅದನ್ನ ಎಂಥಾ ಜಾಗಾದಾಗ ಇಟ್ಟಿರಬೇಕು ನೀವ ವಿಚಾರ ಮಾಡ್ರಿ.

ಮಗಳು ಆಫೀಸಿಗೆ ಹೋಗುವಾಗ ಹೇಳಿ ಹೋಗ್ತಿದ್ಲು, "ಅವ್ವ, ಮುಟ್ಟಬ್ಯಾಡ, ಕರೀಬ್ಯಾಡ, ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ. ಸುಮ್ಮನ ಅಲ್ಲೆ ಕೂಡು, ಅಷ್ಟ ಸಾಕು." ಸುಮ್ಮನ ಕೂಡೂದು ನನಗ ಎಲ್ಲಿ ಬರ್ತದ? ಮೆಂತೆ ಪಲ್ಯಾ ಸೋಸೂದು, ಅಕ್ಕಿ ಹಸನ ಮಾಡೂದು, ಶೇಂಗಾ ಸುಲಿಯೂದು, ಅಡಗಿಮನ್ಯಾಗ ಕೂತು ಮಾಡೂ ಕೆಲಸೆಲ್ಲಾ ಪಡಸಾಲಿಗೆ ತಗೊಂಡು ಬಂದೆ. ಒಂಬತ್ತನೇ ದಿನ ಮಧ್ಯಾಹ್ನ ಅವರೀಕಾಯಿ ಸುಲೀಲಿಕತ್ತಿದ್ದೆ. ಕಾಲಿನ ಬೆರಳಿಗೆ ಏನೋ ತಣ್ಣಗ ಹತ್ತಿತು. ಕೆಳಗ ನೋಡಿದ್ರ ಮಂಚದ ಕೆಳಗಿಂದ ಬರೇ ಮೂತಿ ಹೊರಗ ಚಾಚಿ ನನ್ನ ಪಾದದ ಮ್ಯಾಲೆ ಇಟ್ಟಿತ್ತು. ನಾ ಕಾಲು ಅಲಗಸಲಿಲ್ಲ. ಜೋಮು ಹಿಡೀತು, ಆದ್ರೂ ಅಲಗಸಲಿಲ್ಲ. ಅವರೀಕಾಯಿ ಮುಗದು ಬರೇ ಸಿಪ್ಪಿ ಉಳದಾಗೂ ಕೂತಿದ್ದೆ.

ಹೆಸರು ಹೆಂಗ ಬಂತಂದ್ರ, ಕೂದಲಾ ಚಿಗುರಿ ಬರಲಿಕತ್ತಾಗ ಬಣ್ಣಾ ಹಳೇ ಬೆಲ್ಲದ್ಹಂಗ ಕಾಣಸಲಿಕತ್ತಿತು. ಕೆಲಸಕ್ಕ ಬರೂ ಬಾಯಿ, "ಏ ಬೆಲ್ಲವ್ವ, ಸರಿ ಆ ಕಡೆ, ಕಸಾ ಹೊಡೀಬೇಕು" ಅಂದ್ಲು. ಅದ ಉಳೀತು. ಮಗಳು ಇಂಗ್ಲೀಷ್ ಹೆಸರು ಏನೋ ಒಂದು ಇಟ್ಟಿದ್ಲು, ಅದು ಬರೇ ದವಾಖಾನಿ ಕಾರ್ಡಿನಾಗ ಅದ.

ಇನ್ನ ಊಟದ ಸುದ್ದಿ. ನಮ್ಮನ್ಯಾಗ ತತ್ತಿ ತಂದವರಲ್ಲ. ಡಾಕ್ಟರು, "ಭಾಳ ಸೊರಗ್ಯದ, ಎಂಟ ಕಿಲೋ ಅದ, ದಿನಾ ಒಂದು ಕುದಿಸಿದ ತತ್ತಿ ಹಾಕ್ರಿ" ಅಂದ್ರು. ಮನಿಯವರು ಹಿತ್ತಲ ಬಾಗಲದಾಗ ಒಂದು ಹಳೇ ಕರೆಂಟಿನ ಕೆಟಲು ಇಟಗೊಂಡು, ಅತ್ತಿಯವರು ಪಾರಾಯಣಕ್ಕ ಕೂತ ಹೊತ್ತು ನೋಡಿ, ಕಳ್ಳರಗತೆ ತತ್ತಿ ಕುದಸ್ತಿದ್ರು. ಮೂವತ್ತು ವರ್ಷದಾಗ ಒಂದು ಕಪ್ಪು ಚಾ ಮಾಡಕೊಳ್ಳದ ಮನಶ್ಯಾ! ಅತ್ತಿಯವರಿಗೆ ಗೊತ್ತಿರಲಿಲ್ಲ ಅಂತ ನಾವು ತಿಳಕೊಂಡಿದ್ದಿವಿ. ಒಂದಿನ ಅವರ ಕೇಳಿದ್ರು, "ಇವತ್ತ ನಾಯಿಗೆ ತತ್ತಿ ಹಾಕಲಿಲ್ಲೇನು? ವಾಸನಿ ಬರಲಿಲ್ಲಲಾ."

ನಾವು ತಿನ್ನೂದೆಲ್ಲಾ ನಾಯಿಗೆ ನಡೀತದ ಅಂತ ತಿಳೀಬ್ಯಾಡ್ರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ್ದು ಕೊಡಬಾರದು, ರಕ್ತಕ್ಕ ಕೆಟ್ಟದ್ದು. ಚಾಕಲೇಟು ಬ್ಯಾಡ. ದ್ರಾಕ್ಷಿ, ಬೇದಾಣಿ ಅಂತೂ ಬ್ಯಾಡೇ ಬ್ಯಾಡ, ಕಿಡ್ನಿ ಕೆಡತಾವ. ಬಾಜೂ ಮನಿ ವೈನಿ ಸತ್ಯನಾರಾಯಣ ಪ್ರಸಾದ ತಂದಾಗ ಪ್ರೀತೀಲೆ ಒಂದು ಉಂಡಿ ಅದರ ಮುಂದ ಹಿಡದಿದ್ರು, ಅದರ ತುಂಬ ಬೇದಾಣಿ. ನಾ ಓಡಿ ಹೋಗಿ ಕೈ ಹಿಡದೆ. ವೈನಿ, ಆವತ್ತು ನಿಮಗ ಬ್ಯಾಸರಾಗಿತ್ತು, ನನಗ ಗೊತ್ತದ. ಪ್ರಸಾದ ಬ್ಯಾಡ ಅನಲಿಲ್ಲ ನಾ, ಬೇದಾಣಿ ಬ್ಯಾಡ ಅಂದೆ.

ಕಿವೀದು ಬ್ಯಾರೇನ ಪುರಾಣ. ಹೊರಗಿಂದ ನೋಡಲಿಕ್ಕೆ ರೇಷ್ಮಿ ಕುಚ್ಚು, ಒಳಗ ಗಾಳಿ ಆಡೂದಿಲ್ಲ. ನಮ್ಮ ಮಳಿಗಾಲದ ಥಂಡಿಗೆ ಅಲ್ಲೆ ಹಸಿ ನಿಂತು ಬುರುಸು ಬರ್ತದ. ಇದರ ಎಡಗಿವಿ ಬಂದಾಗ ನಾರತಿತ್ತು. ಔಷಧದ ಹನಿ ಮೂರು ವಾರ ಹಾಕಿದ ಮ್ಯಾಲೆ ಹೋತು. ಈಗ ವಾರಕ್ಕೊಮ್ಮೆ ಡಾಕ್ಟರು ಕೊಟ್ಟ ನೀರು ಹಾಕಿ ಹತ್ತೀಲೆ ಒರಸ್ತೇನಿ, ಕಡ್ಡಿ ಹಾಕೂದಿಲ್ಲ. ಮತ್ತ ತಿನ್ನೂವಾಗ ಎರಡೂ ಕಿವಿ ತಾಟಿನ್ಯಾಗ ಅದ್ದತಾವ. ಮಗಳ ಸಾಲಿ ಕಾಲದ ರಬ್ಬರ್ ಬ್ಯಾಂಡು ಹುಡುಕಿ ಎರಡೂ ಕಿವಿ ತಲಿ ಮ್ಯಾಲೆ ತಗದು ಹಗರಕ ಹಾಕ್ತೇನಿ, ಮುಗದ ಕೂಡಲೆ ಬಿಚ್ಚತೇನಿ. ಆವಾಗ ಅದರ ಮಾರಿ ನೋಡಬೇಕು ನೀವು, ಥೇಟ್ ಬಚ್ಚಲಮನಿಗೆ ಹೊಂಟ ಹೆಣಮಗಳು.

"ಮುಟ್ಟೂದಿಲ್ಲ" ಅಂದಾಕಿ ಇಷ್ಟೆಲ್ಲಾ ಮಾಡ್ಲಿಕತ್ತಿದ್ದೆ. ನಾಕು ದಿನ ಹೋಗಿ ಐದು ವಾರ ಆಗಿತ್ತು.

ಜುಲೈ ನಡುವ ಅದರ ನಡತಿ ಬದಲ ಆತು. ಹೊರಗ ಬರೂದು ಬಿಟ್ಟು ಮತ್ತ ಮಂಚದ ಕೆಳಗ ಸೇರಕೊಂತು. ಕಾಲೀಲೆ ನೆಲಾ ಕೆರಿಯೂದು, ಹಾಸಿದ ಕೌದಿ ಮುದ್ದಿ ಮಾಡಿ ಅದರ ಮ್ಯಾಲೆ ಸುತ್ತ ತಿರುಗೂದು. ಅದ ಹೊತ್ತಿನಾಗ ಮನ್ಯಾಗ ಸಾಮಾನು ಕಳೀಲಿಕತ್ತುವು. ಬೆಂಗಳೂರಿನ ಮೊಮ್ಮಗನ ಎರಡು ಕಾಲಚೀಲ. ಅತ್ತಿಯವರು ಗೆಜ್ಜಿವಸ್ತ್ರ ಮಾಡಲಿಕ್ಕೆ ಬಿಡಿಸಿ ಇಟ್ಟ ಹತ್ತಿ ಉಂಡಿ. ಮಳ್ಯಾಗ ಬುರುಸು ಹಿಡೀಬಾರದಂತ ಟ್ರಂಕಿನಿಂದ ತಗದು ಪಡಸಾಲಿ ಹಗ್ಗದ ಮ್ಯಾಲೆ ಹಾಕಿದ ಕೂಸಿನ ಕುಲಾಯಿ. ಅದು ನನ್ನ ಮಗ ಹುಟ್ಟಿದಾಗ ಅತ್ತಿಯವರು ಹೆಣದದ್ದು, ಆಮ್ಯಾಲೆ ಮಗಳು, ಆಮ್ಯಾಲೆ ಮೊಮ್ಮಗ, ಎಲ್ಲಾರೂ ಹಾಕ್ಕೊಂಡದ್ದು.

ಒಂದು ಮಧ್ಯಾಹ್ನ ಬಗ್ಗಿ ನೋಡಿದೆ. ನಾಕೂ ಸಾಮಾನು ಮಂಚದ ಕೆಳಗ. ಕೌದಿ ಮ್ಯಾಲೆ ಸಾಲಾಗಿ ಇಟ್ಟು, ಸುತ್ತ ಮೈ ಬಳಸಿ ಮಲಗಿತ್ತು. ಕುಲಾಯಿ ಒದ್ದಿ ಆಗಿತ್ತು, ನೆಕ್ಕಿ ನೆಕ್ಕಿ. ನನಗ ಕುಲಾಯಿ ಹಾಳಾತಲ್ಲ ಅಂತ ಜೀವ ಚುರ್ ಅಂತು. "ತಾ ಇಲ್ಲೆ" ಅಂತ ಕೈ ಹಾಕಿದೆ. ಅದು ಗುರ್ ಅಂತು. ಇಷ್ಟು ದಿನದಾಗ ಒಮ್ಮೆನೂ ಅದರ ದನಿ ಕೇಳಿದ್ದಿಲ್ಲ ನಾ. ಆದ್ರೂ ಕೈ ತಗೀಲಿಲ್ಲ. ಕಚ್ಚಿಬಿಟ್ತು.

ಬಲಗೈ ಹೆಬ್ಬೆರಳಿನ ಬುಡಕ್ಕ ಎರಡು ಹಲ್ಲು. ರಕ್ತಾ ಸುರೀಲಿಕತ್ತಿತು. ನಾ ಅಡಗಿಮನಿಗೆ ಹೋಗಿ ಅರಿಷಿಣ ಡಬ್ಬಿ ತಗದೆ, ಅಷ್ಟರಾಗ ಮನಿಯವರು ಮಗಳಿಗೆ ಫೋನ್ ಹಚ್ಚಿದ್ರು. ಅಕಿ ಒದರಿದ್ಲು, "ಅರಿಷಿಣ ಹಚ್ಚಬ್ಯಾಡ! ನಳದ ಕೆಳಗ ಸಾಬಾಣ ಹಚ್ಚಿ 15 ನಿಮಿಷ ತೊಳಿ. ಗಡಿಯಾರ ನೋಡಿ ತೊಳಿ." ಇದನ್ನ ನೀವೂ ನೆನಪಿಡ್ರಿ. ಯಾವ ನಾಯಿ ಕಡದ್ರೂ ಅರಿಷಿಣ, ಸುಣ್ಣಾ, ಖಾರದಪುಡಿ ಯಾವುದೂ ಹಚ್ಚಬಾರದು. ತೊಳದು, ಅದ ದಿನ ದವಾಖಾನಿಗೆ ಹೋಗಬೇಕು. ಸರಕಾರಿ ದವಾಖಾನ್ಯಾಗ ಇಂಜೆಕ್ಷನ್ ಕೊಟ್ರು. ಆವತ್ತೊಂದು, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ನಾಯೀನ ಹತ್ತು ದಿನ ಮನ್ಯಾಗಿಟ್ಟು ನೋಡಕೋತ ಇರ್ರಿ ಅಂತ ಹೇಳಿದ್ರು.

ಆವತ್ತ ರಾತ್ರಿ ಮನ್ಯಾಗ ಯಾರೂ ಸರಿಯಾಗಿ ಉಣಲಿಲ್ಲ. ಮಗಳು ಅತಗೋತ, "ತಪ್ಪು ನಂದು. ಹತ್ತು ದಿನ ಆಗಲಿ, ಬ್ಯಾರೆ ಮನಿ ನೋಡ್ತೇನಿ" ಅಂದ್ಲು. ಕಡದ ನಾಯಿಗೆ ಯಾರು ಮನಿ ಕೊಡ್ತಾರ ಅನ್ನೂದು ಅಕಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ತತ್ತಿ ಕುದಸೂ ನಮ್ಮನಿಯವರು, "ಮೊಮ್ಮಗ ದೀಪಾವಳಿಗೆ ಬರ್ತಾನ. ನಾಳೆ ಅವಗ ಕಡದ್ರ?" ಅಂದ್ರು. ಅದಕ್ಕ ನನ್ನ ಹತ್ರಾನೂ ಉತ್ತರ ಇರಲಿಲ್ಲ. ಮಗನ ಫೋನು, ತಮ್ಮನ ಫೋನು, ಹಿಂದಿನ ಮನಿ ಕಾಕುಂದು "ನಾ ಹೇಳಿದ್ದಿಲ್ಲಾ". ಎಲ್ಲಾರ ಮಾತೂ ಒಂದ: ಕಳಸಿಬಿಡ್ರಿ.

ಮರುದಿನ ನಾಯಿ ಡಾಕ್ಟರ ಕಡೆ ಒಯ್ದಿವಿ. ನಾ ಕೈಗೆ ಪಟ್ಟಿ ಕಟಗೊಂಡು ಜೋಡಿ ಹೋದೆ. ಅವರು ಎಲ್ಲಾ ಕೇಳಿದ್ರು. ಹೊಟ್ಟಿ ಕೆಳಗ ಕೈ ಹಾಕಿ ಒಂದು ಮೊಲಿ ಸ್ವಲ್ಪ ಒತ್ತಿದ್ರು. ಒಂದು ಹನಿ ಹಾಲು ಬಂತು.

ನಾ ಗಾಬರ್ಯಾಗಿ, "ಗಬ್ಬ ಅದ ಏನ್ರಿ?" ಅಂದೆ. ಇಲ್ಲಂತ. ಸುಳ್ಳು ಬಸಿರು. ನಾವು ತರೂ ಮೊದಲ ಅದಕ್ಕ ಬೆದಿ ಬಂದು ಹೋಗಿರಬೇಕು. ಮರಿ ನಿಂತಿರಲಿ ಬಿಡಲಿ, ಒಂದೂವರಿ ಎರಡು ತಿಂಗಳಿಗೆ ಕೆಲವು ನಾಯಿಗಳ ಮೈಗೆ ತಾ ಹಡದೇನಿ ಅಂತ ಅನಸ್ತದ. ಹಾಲು ಬರ್ತದ, ಗೂಡು ಮಾಡತಾವ, ಮೆತ್ತಗಿನ ಸಾಮಾನು ಒಯ್ದು ಮರಿ ಅಂತ ಕಾಯತಾವ. "ನಿಮಗ ಅದು ಕುಲಾಯಿ ಅಮ್ಮಾರ. ಅದಕ್ಕ ಅದು ಮರಿ. ನೀವು ಮರಿ ಕಸಗೊಳ್ಳಿಕ್ಕೆ ಕೈ ಹಾಕಿದ್ರಿ" ಅಂದ್ರು. ಎರಡು ಮೂರು ವಾರದಾಗ ತಾನ ಹೋಗ್ತದ, ಹಾಲು ಹಿಂಡಬ್ಯಾಡ್ರಿ, ಹಿಂಡಿದ್ರ ಇನ್ನೂ ಬರ್ತದ, ಅಡ್ಯಾಡಸ್ರಿ, ಸಾಮಾನು ಅದು ಹೊರಗ ಹೋದಾಗ ಒಂದೊಂದ ತಗೀರಿ. ಇದೆಲ್ಲಾ ಪೂರಾ ಇಳದ ಮ್ಯಾಲೆ ಆಪರೇಶನ್ ಮಾಡೋಣು, ಇಲ್ಲಂದ್ರ ಇಂಥಾ ವಯಸ್ಸಿನಾಗ ಗರ್ಭಕೋಶದಾಗ ಕೀವು ತುಂಬಿ ಜೀವಕ್ಕ ಅಪಾಯ ಆಗ್ತದ ಅಂದ್ರು.

ಮನಿಗೆ ಬಂದು ಅತ್ತಿಯವರ ಮುಂದ ಎಲ್ಲಾ ಹೇಳಿದೆ. ಅವರು ನಡಮನ್ಯಾಗ ಹೊಸ್ತಲದ ಒಳಗ ಕೂತಿದ್ರು, ನಾ ಹೊರಗ. "ಸುಳ್ಳು ಬಸಿರು ಅಂತ" ಅಂದೆ.

ಅವರು ಭಾಳ ಹೊತ್ತು ಸುಮ್ಮನಿದ್ರು. ಆಮ್ಯಾಲೆ, "ಸುಳ್ಳು ಹೆಂಗವಾ? ಹಾಲು ಖರೇನ ಬಂದದಲಾ" ಅಂದ್ರು.

ನಮ್ಮ ಅತ್ತಿಯವರು ಆರು ಹಡದವರು, ಉಳದದ್ದು ಮೂರು. ಮೂವತ್ತು ವರ್ಷ ಅವರ ಜೋಡಿ ಒಂದ ಮನ್ಯಾಗ ಇದ್ದೇನಿ, ಹೋದ ಮೂರರ ಸುದ್ದಿ ಅವರ ಬಾಯಿಲೆ ಒಮ್ಮೆನೂ ಕೇಳಿದ್ದಿಲ್ಲ. ಆವತ್ತ ಸಂಜಿಮುಂದ ಹತ್ತಿ ಬತ್ತಿ ಹೊಸಕೋತ ತಾವ ಹೇಳಿದ್ರು. ಮೊದಲನೇದು ಹೆಣ್ಣು, ಹನ್ನೊಂದು ದಿನ ಇತ್ತಂತ. ಕೂಸು ಹೋದ ಮ್ಯಾಲೂ ಹಾಲು ನಿಲ್ಲಲಿಲ್ಲ. ಎದಿ ಕಲ್ಲಾಗಿ ಜ್ವರಾ ಬಂತು. ಅವರ ಅತ್ತಿ ಹಳೇ ಧೋತರದ ಅರವಿ ಹರದು ಬಿಗದು ಕಟ್ಟಿದ್ರಂತ. "ಯಾರೂ ಏನೂ ಕೇಳಲಿಲ್ಲ. ಎಂಟು ದಿನಕ್ಕ ಅಡಗಿಮನಿಗೆ ಹೋದೆ" ಅಂದ್ರು. ಅಷ್ಟ. ಬತ್ತಿ ಎಣಿಸಿ ಡಬ್ಬಿಗೆ ಹಾಕಿದ್ರು.

ನನಗ ಏನು ಮಾತಾಡಬೇಕು ತಿಳೀಲಿಲ್ಲ. ಅವರ ಮುಂದವರಸಿದ್ರು. ಭಾರತ ಶುರು ಆಗೂದು ಒಂದು ನಾಯಿ ಕಥೀಲೆ, ಗೊತ್ತದನು ನಿನಗ ಅಂದ್ರು. ಜನಮೇಜಯ ಯಜ್ಞಾ ಮಾಡಲಿಕತ್ತಾಗ ಸರಮಾ ಅನ್ನೂ ದೇವಲೋಕದ ನಾಯಿ ಮರಿ ಅಲ್ಲೆ ಬಂತು. ಹವಿಸ್ಸು ಮುಟ್ಟಲಿಲ್ಲ, ಅದರ ಕಡೆ ನೋಡಲೂ ಇಲ್ಲ. ಆದ್ರೂ ರಾಜನ ತಮ್ಮಂದಿರು ಹೊಡದ್ರು. ಮರಿ ಅಳಕೋತ ತಾಯಿ ಕಡೆ ಹೋತು. ಸರಮಾ ಯಜ್ಞಶಾಲಿಗೇ ಬಂದು, ತಪ್ಪು ಮಾಡದ ನನ್ನ ಮಗನ್ನ ಯಾಕ ಹೊಡದ್ರಿ ಅಂತ ಕೇಳಿದ್ಲು. ಒಬ್ಬರೂ ಮಾತಾಡಲಿಲ್ಲ. ಅಕಿ ಶಾಪಾ ಕೊಟ್ಟು ಹೋದ್ಲು. "ಮತ್ತ ಮುಗಿಯೂ ಹೊತ್ತಿಗೂ ನಾಯಿ ಅದ. ಧರ್ಮರಾಜ ಅದನ್ನ ಬಿಟ್ಟು ಸ್ವರ್ಗ ಬ್ಯಾಡ ಅಂದಾ" ಅಂದ್ರು.

ನಾ ಸಲಿಗೀಲೆ, "ಹಂಗಾರ ಒಳಗ ಬಿಡೋಣೇನು?" ಅಂದೆ. "ಛೇ, ಹೊಸ್ತಲಾ ದಾಟಬಾರದು. ಮಡಿ ನಂದು, ನಾ ಇರೂತನಕ ನಡೀಲಿ. ಆದ್ರ ಅಕಿನ್ನ ಎಲ್ಲೂ ಕಳಸಬ್ಯಾಡ್ರಿ. ಒಮ್ಮೆ ಕಟ್ಟಿ ಹೋಗ್ಯಾರ, ಸಾಕು. ಆ ಕುಲಾಯಿ ಎಲ್ಲಾದಕ್ಕಿಂತ ಕಡೀಕ ತಗೀರಿ" ಅಂದ್ರು.

ಅತ್ತಿಯವರು "ಅಕಿ" ಅಂದಿದ್ರು. ಆವತ್ತಿನಿಂದ ನಮ್ಮನ್ಯಾಗ ಯಾರೂ "ಅದು" ಅನ್ನೂದಿಲ್ಲ.

ಕಾಲಚೀಲ ಮೊದಲು ತಗದೆ, ನಾಕು ದಿನ ಬಿಟ್ಟು ಹತ್ತಿ. ಕುಲಾಯಿ ತಗಿಯೂ ಪ್ರಸಂಗ ಬರಲಿಲ್ಲ. ನಾಗರ ಪಂಚಮಿ ಹೊತ್ತಿಗೆ ಅಕಿನ ಅದನ್ನ ಅಲ್ಲೆ ಬಿಟ್ಟು ಎದ್ದು ಬಂದು ಅಂಗಳದಾಗ ಕೂತ್ಲು. ನಾ ತೊಳದು ಒಣಗಿಸಿ ಟ್ರಂಕಿನಾಗ ಇಟ್ಟೆ. ಒಂದು ಕಡೆ ದಾರ ಬಿಚ್ಚೇದ. ಹೊಲೀಲಿಲ್ಲ ನಾ, ಹಂಗ ಇರಲಿ ಅಂತ.

ಹತ್ತು ದಿನ ಮುಗದ ಮ್ಯಾಲೆ ಮಗಳ ಗುಂಪಿನ ಇಬ್ಬರು ಹುಡುಗ್ಯಾರು ಮನಿ ನೋಡಲಿಕ್ಕೆ ಬಂದ್ರು. ಗೇಟಿನ ಸಂದಿ, ಹಿತ್ತಲ ಗ್ವಾಡಿ ಎಲ್ಲಾ ನೋಡಿದ್ರು. ನನಗ ನಗು ಬಂತು, ಮದಲ ಇಂಥಾ ತಪಾಸಣಿ ಕನ್ಯಾ ಕೊಡೂವಾಗ ಮಾಡ್ತಿದ್ರು. ಕಾಗದದಾಗ ಬರದಿತ್ತು, ಮರಿ ಹಾಕಸೂದಿಲ್ಲ, ಕಟ್ಟಿ ಹಾಕೂದಿಲ್ಲ, ಸಾಕಲಿಕ್ಕೆ ಆಗಲಿಲ್ಲಂದ್ರ ಎಲ್ಲೂ ಬಿಡದ ನಿಮಗ ತಂದು ಒಪ್ಪಸ್ತೇವಿ ಅಂತ. ಯಾರ ಸಹಿ ಅಂದ್ರು. ಮಗಳು ಪೆನ್ನು ತಗೊಂಡ್ಲು. "ನೋಡಕೊಳ್ಳಾಕಿ ನಾನು, ಸಹಿ ನಾನ ಮಾಡ್ತೇನಿ" ಅಂದೆ. ಪಟ್ಟಿ ಕಟ್ಟಿದ ಕೈಲೆ ಸಹಿ ಸೊಟ್ಟ ಬಂದದ.

ಅಕ್ಟೋಬರದಾಗ ಆಪರೇಶನ್ ಆತು. ಸಂಜಿಮುಂದ ಅಮಲಿನಾಗ ಕರಕೊಂಡು ಬಂದ್ವಿ, ನಿಂದರಲಿಕ್ಕೆ ಬರವಲ್ದು, ಕಣ್ಣಾಗ ನೀರು. ಎಂಟು ವರ್ಷದ ಹಿಂದ ನಂದೂ ಗರ್ಭಕೋಶ ತಗದಾರ. ನನಗ ಆವಾಗ ಬೇಕಾಗಿದ್ದು ಏನಂದ್ರ, ಯಾರರ ಬಾಜೂಕ ಸುಮ್ಮನ ಕೂಡಬೇಕು, "ಈಗ ಹೆಂಗದ?" ಅಂತ ತಾಸಿಗೊಮ್ಮೆ ಕೇಳಬಾರದು. ಹಂಗ ಕೂತೆ. ನಡರಾತ್ರಿ ಮೂತಿ ತಂದು ನನ್ನ ಪಾದದ ಮ್ಯಾಲೆ ಇಟ್ಲು.

ದೀಪಾವಳಿಗೆ ಮಗ, ಸೊಸಿ, ಮೊಮ್ಮಗ ಬಂದ್ರು. ಮನಿಯವರ ಕಾಳಜಿ ನಾ ಮರತಿರಲಿಲ್ಲ. ಮೊಮ್ಮಗಗ ಮೂರು ಮಾತು ಕಲಿಸಿದಿವಿ: ಬೆಲ್ಲವ್ವ ಮಲಗಿದಾಗ ಹೋಗಬಾರದು, ತಿನ್ನೂವಾಗ ಹೋಗಬಾರದು, ಮಂಚದ ಕೆಳಗಿದ್ರ ಕರೀಬಾರದು. ಒಬ್ಬರು ದೊಡ್ಡವರು ಬಾಜೂಕ ಇದ್ದ ಇರೂದು. ಇಷ್ಟು ನಡಸಲಿಕ್ಕೆ ಆಗದ ಮನಿಯವರು ಇಂಥಾ ನಾಯಿ ತರಬ್ಯಾಡ್ರಿ, ಇದನ್ನ ನಾ ಸ್ಪಷ್ಟ ಹೇಳ್ತೇನಿ. ಪಾಪ ಅಂತ ತಂದು ಆಮ್ಯಾಲೆ ವಾಪಸ್ ಕಳಸೂದು ಅಂದ್ರ ಅಕಿನ್ನ ಇನ್ನೊಂದು ಕಂಬಕ್ಕ ಕಟ್ಟಿದಂಗ.

ನರಕ ಚತುರ್ದಶಿ ರಾತ್ರಿ ಓಣಿ ತುಂಬ ಪಟಾಕಿ. ಬೆಲ್ಲವ್ವ ನಡಗಲಿಕತ್ತಾಳ, ಮಂಚದ ಕೆಳಗ ಹೋದ್ರೂ ಸಮಾಧಾನಿಲ್ಲ, ಅಲ್ಲಿಂದ ಇಲ್ಲೆ, ಇಲ್ಲಿಂದ ಅಲ್ಲೆ. ಕಿಡಕಿ ಹಾಕಿ, ಟೀವಿ ಜೋರ ಮಾಡಿದಿವಿ. ದೊಡ್ಡದೊಂದು ಬಾಂಬು ಹಾರಿತು ನೋಡ್ರಿ, ಓಡಿ ಹೋಗಿ ನಡಮನಿ ಹೊಸ್ತಲದ ಈಚೆ ಕಡೆ ಕುಕ್ಕರಿಸಿದ್ಲು. ಒಂದು ಕಾಲು ಸೈತ ಒಳಗ ಇಡಲಿಲ್ಲ. ಆಚೆ ಕಡೆ ಅತ್ತಿಯವರು ಜಪಾ ಮಾಡಕೋತ ಕೂತಿದ್ರು. ನಾವೆಲ್ಲಾ ನೋಡಲಿಕತ್ತೇವಿ. ಅವರು ಜಪದ ಸರ ಕೆಳಗಿಟ್ಟು, ಕೈ ಹೊಸ್ತಲದ ಆಚೆ ಚಾಚಿ ಅಕಿ ತಲಿ ಮ್ಯಾಲೆ ಇಟ್ರು. ಪಟಾಕಿ ನಿಲ್ಲೂತನಕ ತಗೀಲಿಲ್ಲ.

ಆಮ್ಯಾಲೆ ನನ್ನ ಕರದು, "ಒಂದು ತಂಬಗಿ ನೀರು ಕಾಸವಾ, ಮೈ ತೊಳಕೋಬೇಕು" ಅಂದ್ರು. ರಾತ್ರಿ ಹನ್ನೊಂದೂವರಿ ಆಗಿತ್ತು. ನಾ ಹಂಡೇದ ಕೆಳಗ ಒಲಿ ಹಚ್ಚಿದೆ.

ಈಗ ಬೆಲ್ಲವ್ವ ಹನ್ನೆರಡು ಕಿಲೋ ಆಗ್ಯಾಳ. ಮುಂಜಾನೆ ಸಾಧನಕೇರಿತನಕ ಮನಿಯವರ ಜೋಡಿ ಅಡ್ಯಾಡಿ ಬರ್ತಾಳ, ಮೂರೂ ಪಾವಟಿಗಿ ಹಾರಿ ಇಳೀತಾಳ. ಮೊನ್ನೆ ಹಿಂದಿನ ಮನಿ ಕಾಕು ಹೂವು ಹರೀಲಿಕ್ಕೆ ಬಂದಾಗ ಗೇಟಿನಾಗ ನಿಂತು, "ಎಲ್ಲೆ, ಇವತ್ತ ಬೆಲ್ಲವ್ವ ಕಾಣವಲ್ಲಳು?" ಅಂತ ಕೇಳಿದ್ರು. ಬರ್ರಿ ಎಲ್ಲಾರೂ ಒಮ್ಮೆ ಮನಿಗೆ, ಚಾ ಕುಡದು ಹೋಗೀರಂತ. ಬೇದಾಣಿ ಮಾತ್ರ ತರಬ್ಯಾಡ್ರಿ.